ಕಾಗುಣಿತ ಮಾರಾಟಕ್ಕಿದೆ

ಲಾಭವಿಲ್ಲದ ಕೆಲಸಕ್ಕೆ ಕೈ ಹಾಕಿದವರ ಮನೆಯನ್ನು ಫಜೀತಿಗಳು ವಿಳಾಸ ಕೇಳಿಕೊಂಡು ಹುಡುಕಿ ಬರುತ್ತವೆ ಅನ್ನೋದು ನನ್ನ ಅನುಭವ. ಒಂದನ್ನು ಸಾಗಹಾಕಿ ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುತ್ತದೆ.

ಎಂಬತ್ತರ ದಶಕ ಮುಗಿದು ತೊಂಬತ್ತು ಶುರುವಾಗುವ ಕಾಲ. ನಾನು ಮುಂಬಯಿಯ ಫೋರ್ಟಿನಲ್ಲಿ ಒಂದು ದೊಡ್ಡ ಆಫೀಸಿನ ಕಂಪ್ಯೂಟರ್ ವಿಭಾಗದಲ್ಲಿದ್ದೆ. ಹುಟ್ಟಿದ್ದು ಮೈಸೂರು, ಮನೆ ಭಾಂಡುಪ್. ಪಕ್ಕದ ಮೇಜಿನ ಗೆಳತಿ ಧಾರವಾಡದವಳು, ನನಗಿಂತ ಚಿಕ್ಕವಳು, ಇರುತ್ತಿದ್ದುದು ಬೊರಿವಲಿಯಲ್ಲಿ. ನನ್ನನ್ನು ಅಕ್ಕಾರ ಅನ್ನುತ್ತಿದ್ದಳು. ಸಿಟ್ಟು ಬಂದಾಗ ಮಾತ್ರ ಮ್ಯಾಡಮ್ಮಾರ. ನಾವಿಬ್ಬರೂ ಸೇರಿ ಕಂಪ್ಯೂಟರಿನಲ್ಲಿ ಕನ್ನಡ ಅಚ್ಚು ಹಾಕುವ ಒಂದು ಪ್ರೋಗ್ರಾಮ್ ಬರೆದೆವು. ಅದಕ್ಕೆ 'ಕಾಗುಣಿತ' ಅಂತ ಹೆಸರಿಟ್ಟೆವು.

ಗ್ರಾಫ್ ಹಾಳೆಯ ಮೇಲೆ ಒಂದೊಂದು ಅಕ್ಷರಕ್ಕೂ ಪೆನ್ಸಿಲಿನಲ್ಲಿ ಚುಕ್ಕಿ ತುಂಬಬೇಕು. ಆ ಚುಕ್ಕಿಗಳ ಲೆಕ್ಕ ಕಂಪ್ಯೂಟರಿಗೆ ಕೊಟ್ಟರೆ ಪ್ರಿಂಟರ್ ಅದರಂತೆ ಕುಟ್ಟಿ ಕುಟ್ಟಿ ಅಕ್ಷರ ಮೂಡಿಸುತ್ತದೆ. ರಂಗೋಲಿ ಇಟ್ಟು ಬೆಳೆದವರಿಗೆ ಚುಕ್ಕಿಯೇನು ಹೊಸದಲ್ಲ. ಆದರೆ ಕನ್ನಡದ ಒತ್ತು, ದೀರ್ಘ, ಕೊಂಬು ಎಲ್ಲ ಸೇರಿ ಮೂರು ವರ್ಷದ ಭಾನುವಾರಗಳನ್ನು ತಿಂದುಹಾಕಿದವು. ನನ್ನ ಯಜಮಾನರ ಕಾರ್ಖಾನೆಯವರು ಹಳೆಯದಾಯಿತೆಂದು ಬಿಟ್ಟುಕೊಟ್ಟ ಕಂಪ್ಯೂಟರ್ ನಮ್ಮ ಊಟದ ಮೇಜಿನ ಮೇಲೆ ಕೂತಿತು, ನಾವು ನೆಲದ ಮೇಲೆ ಕೂತು ಊಟ ಮಾಡಿದೆವು.

ಮೂರು ವರ್ಷದಲ್ಲಿ ನಮಗೆ ಸಿಕ್ಕ ಗಿರಾಕಿಗಳು ಮೂವರು. ಒಂದು ಕನ್ನಡ ಸಂಘ, ಹಣದ ಬದಲು ಶಾಲು ಹೊದಿಸಿತು. ಎರಡನೆಯದು ಒಂದು ಪ್ರೆಸ್ಸು, 'ಟ್ರಯಲ್ ನೋಡ್ತೀವಿ' ಅಂತ ಒಯ್ದು ಇನ್ನೂ ನೋಡುತ್ತಲೇ ಇತ್ತು. ಮೂರನೆಯದು ನಮ್ಮ ಭಾಂಡುಪಿನ ಒಂದು ಚಾಳಿನ ವಠಾರದಲ್ಲಿ ಕಟ್ಟಡ ಕೆಲಸದವರಿಗಾಗಿ ನಡೆಯುತ್ತಿದ್ದ ಭಾನುವಾರದ ಅಕ್ಷರ ಶಾಲೆ. ಅದಕ್ಕೆ ಬಿಟ್ಟಿ.

ಗಿರಣಿ

ಪ್ರಿಂಟರಿನ ಸದ್ದು ಎಂಥದೆಂದು ಈಗಿನವರಿಗೆ ಹೇಳಿ ತಿಳಿಸುವುದು ಕಷ್ಟ. ಕನ್ನಡ ಅಚ್ಚಾಗುವಾಗ ಒಂದೇ ಸಾಲಿನ ಮೇಲೆ ಮೂರು ಸಲ ಓಡಾಡುತ್ತಿತ್ತು. ಬಿಲ್ಡಿಂಗಿನ ಗೋಡೆಯೆಲ್ಲ ಗುಂಯ್‌ಗುಟ್ಟುತ್ತಿತ್ತು. 'ಫ್ಲ್ಯಾಟಿನಲ್ಲಿ ಏನೋ ಧಂಧೆ ನಡೆಸುತ್ತಿದ್ದೀರಂತೆ' ಅಂತ ಸೊಸೈಟಿಯ ಸೆಕ್ರೆಟರಿ ಒಂದು ಸಲ ಎಚ್ಚರಿಕೆಯನ್ನೂ ಕೊಟ್ಟುಹೋಗಿದ್ದರು. ಆ ವರ್ಷ ಮಗಳದ್ದು ಹತ್ತನೇ ಕ್ಲಾಸು. ಅವಳು ಕಿವಿಗೆ ಹತ್ತಿ ತುರುಕಿಕೊಂಡು ಬಾಲ್ಕನಿಯಲ್ಲಿ ಓದುತ್ತಿದ್ದಳು. "ಅಮ್ಮಾ, ಪಾಸ್ ಆಗೋದು ನಾನಾ, ನಿನ್ನ ಪ್ರಿಂಟರಾ? ಡಿಸೈಡ್ ಮಾಡು ನಾ" ಅಂತ ಒಮ್ಮೆ ಕೇಳಿಯೂ ಬಿಟ್ಟಿದ್ದಳು.

ಒಂದು ಭಾನುವಾರ ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ಸೆಕ್ರೆಟರಿಯೇ ಇರಬೇಕು ಅಂದುಕೊಂಡೆ. ಗೆಳತಿ ಚಕ್ಕನೆ ಪ್ರಿಂಟರ್ ನಿಲ್ಲಿಸಿ ಮೇಜಿನ ಮೇಲೆ ಹೊದಿಕೆ ಎಳೆದಳು. ಬಾಗಿಲು ತೆಗೆದರೆ ಕೆಳಗಿನ ಮನೆಯ ಮರಾಠಿ ಆಜಿ, ಕೈಯಲ್ಲಿ ದೊಡ್ಡ ಸ್ಟೀಲಿನ ಡಬ್ಬ.

"ಗೋಧಿ ತಂದಿದ್ದೀನಿ. ಸಣ್ಣಗೆ ಬೀಸಿಕೊಡಿ" ಅಂದರು ಮರಾಠಿಯಲ್ಲಿ. "ಮನೆಯಲ್ಲೇ ಗಿರಣಿ ಹಾಕಿದ್ದೀರಿ, ಒಂದು ಮಾತು ಹೇಳಬಾರದಾ? ನಾನು ಸ್ಟೇಷನ್ ತನಕ ಹೊತ್ತುಕೊಂಡು ಹೋಗ್ತಿದ್ದೀನಿ ಇಷ್ಟು ದಿನ!"

ನಾನು ಹೊದಿಕೆ ತೆಗೆದು ತೋರಿಸಿದೆ. ಇದು ಗಿರಣಿಯಲ್ಲ ಆಜಿ, ಕಂಪ್ಯೂಟರು. ಆಜಿ ಬಗ್ಗಿ ಮೇಜಿನ ಕೆಳಗೆಲ್ಲ ನೋಡಿದರು.

"ಹಿಟ್ಟು ಎಲ್ಲಿಂದ ಬರುತ್ತೆ?"

"ಹಿಟ್ಟು ಬರೋಲ್ಲ ಆಜಿ."

"ಎಷ್ಟು ದಿನದಿಂದ ಓಡಿಸ್ತಿದ್ದೀರಿ?"

"ಮೂರು ವರ್ಷ."

ಆಜಿ ಡಬ್ಬದ ಮುಚ್ಚಳ ಹಾಕಿ ಎದ್ದರು. "ಮೂರು ವರ್ಷ ಬೀಸಿದರೂ ಹಿಟ್ಟು ಬರಲಿಲ್ಲ ಅಂದಮೇಲೆ ಗಿರಣಿ ಮಾರಿಬಿಡಿ ಬಾಯಿ!"

ನಮ್ಮ ಯಜಮಾನರು ಒಳಗಿನ ರೂಮಿನಿಂದ ಕೆಮ್ಮಿದರು. ಅವರು ನಗುವುದೇ ಹಾಗೆ.

ಪ್ರಥಮ ಸ್ಥಾನ

ಪ್ರೋಗ್ರಾಮ್ ಬಳಸುವವರು ಒತ್ತು ಹಾಕುವುದನ್ನು ಮರೆಯುತ್ತಾರೆ ಅಂತ ಗೆಳತಿಗೆ ಒಂದು ತಲೆನೋವಿತ್ತು. ಹತ್ತಿ ಅನ್ನೋದು ಹತಿ ಆಗುತ್ತಿತ್ತು, ಬೆಕ್ಕು ಅನ್ನೋದು ಬೆಕು. ಅಂಥ ಪದಗಳನ್ನು ಪ್ರೋಗ್ರಾಮೇ ತಿದ್ದಿಕೊಳ್ಳುವ ಹಾಗೆ ಅವಳು ಒಂದು ಪಟ್ಟಿ ಸೇರಿಸಿದಳು. ನನಗೂ ಅದು ಬಹಳ ಬುದ್ಧಿವಂತಿಕೆಯ ಕೆಲಸ ಅನ್ನಿಸಿತ್ತು.

ಆ ಸಲ ಸಂಘದಲ್ಲಿ ಕತೆ ಬರೆಯುವ ಸ್ಪರ್ಧೆ. ಬಹುಮಾನದ ಸರ್ಟಿಫಿಕೇಟುಗಳನ್ನು ನಮ್ಮ ಕಾಗುಣಿತದಲ್ಲೇ ಅಚ್ಚು ಹಾಕಿದ್ದರು. ನಾವಿಬ್ಬರೂ ಹೆಮ್ಮೆಯಿಂದ ವೇದಿಕೆಯ ಪಕ್ಕ ನಿಂತಿದ್ದೆವು. ಮುಖ್ಯ ಅತಿಥಿಗಳ ಭಾಷಣ ನಡೆಯುತ್ತಿತ್ತು. ನಾನು ಸುಮ್ಮನೆ ಒಂದು ಸರ್ಟಿಫಿಕೇಟ್ ಎತ್ತಿ ನೋಡಿದೆ. 'ಸಂಘವು ಏರ್ಪಡಿಸಿದ್ದ ಕತ್ತೆ ಸ್ಪರ್ಧೆಯಲ್ಲಿ ಪ್ರಥಮ ಸ್ಥಾನ' ಅಂತಿತ್ತು.

ಅದನ್ನು ಗೆಳತಿಯ ಮುಖದ ಮುಂದೆ ಹಿಡಿದೆ. "ಏನೇ ಇದು?"

ಅವಳು ನೋಡಿ ಬಿಳಿಚಿಕೊಂಡಳು. "ಅಕ್ಕಾರ, ನಾವು ಕಥಿ ಅಂತ ಬರ್ಯಾಗ ಥಕಾರಕ್ಕ ಹೊಟ್ಟಿ ಸೀಳತೀವ್ರಿ. ಬರೇ ತಕಾರ ಕಂಡ್ರ ಒತ್ತು ಬಿಟ್ಟ 'ಕತ್ತೆ'ನ ಇರಬೇಕಂತ ಪಟ್ಟಿಗೆ ಸೇರಿಸಿದ್ನಿ. ನಿಮ್ಮ ಕಡೆ ಮಂದಿ ಹಿಂಗ ಬರೀತಾರಂತ ನನಗೇನ್ ಗೊತ್ರಿ?"

ಯಾರದೋ ಹತ್ತಿರ ಬ್ಲೇಡು ಇಸಕೊಂಡು ಒತ್ತನ್ನು ಕೆರೆಯಹೋದೆ. ಕಾಗದ ತೂತಾಯಿತು. ಅಷ್ಟರಲ್ಲಿ ಹೆಸರು ಕೂಗಿಬಿಟ್ಟರು. ಪ್ರಥಮ ಬಹುಮಾನ ಬಂದದ್ದು ಒಬ್ಬ ನಿವೃತ್ತ ಬ್ಯಾಂಕ್ ಅಧಿಕಾರಿಗೆ. ಬಿಳಿ ಪಂಚೆ, ಗಂಭೀರ ಮುಖ. ಸರ್ಟಿಫಿಕೇಟ್ ತೆಗೆದುಕೊಂಡರು, ಕನ್ನಡಕ ಸರಿಮಾಡಿಕೊಂಡು ಓದಿದರು, ನೆಟ್ಟಗೆ ನಮ್ಮ ಕಡೆಗೇ ಬಂದರು. ಗೆಳತಿ ನನ್ನ ಬೆನ್ನ ಹಿಂದೆ ಸರಿದಳು.

"ನೀವೇನಮ್ಮ ಇದನ್ನು ಅಚ್ಚು ಹಾಕಿದವರು?"

"ಹೌದು ಸಾರ್. ತಪ್ಪಾಗಿದೆ, ಕ್ಷಮಿಸಬೇಕು..."

"ಯಾಕೆ? ಜೀವಮಾನವೆಲ್ಲ ಬ್ಯಾಂಕಿನಲ್ಲಿ ಕತ್ತೆಯ ಹಾಗೇ ದುಡಿದೆ. ಒಬ್ಬರಾದರೂ ಬರವಣಿಗೆಯಲ್ಲಿ ಒಪ್ಪಿಕೊಂಡಿರಲಿಲ್ಲ. ನೀವು ಒಪ್ಪಿಕೊಂಡಿರಿ, ಅದೂ ಪ್ರಥಮ ಸ್ಥಾನ ಕೊಟ್ಟು!"

ಸಾಹೇಬರ ಕೋಣೆ

ನಮ್ಮ ಆಫೀಸಿನ ನಿಯಮದ ಪ್ರಕಾರ ಕೆಲಸದಲ್ಲಿರುವವರು ಹೊರಗೆ ಯಾವ ವ್ಯಾಪಾರವನ್ನೂ ಮಾಡುವ ಹಾಗಿರಲಿಲ್ಲ. ನಮ್ಮದು ಹಣ ಬಾರದ ಕೆಲಸ, ಆದ್ದರಿಂದ ವ್ಯಾಪಾರವಲ್ಲ ಅಂತ ನಮಗೆ ನಾವೇ ಸಮಾಧಾನ ಹೇಳಿಕೊಂಡಿದ್ದೆವು. ಕೇಳುವವರು ಹಾಗೆ ಅಂದುಕೊಳ್ಳಬೇಕಲ್ಲ.

ಒಂದು ಬೆಳಿಗ್ಗೆ ಸಾಹೇಬರು ಕರೆಸಿದರು. ತಮಿಳಿನವರು, ಮಾಟುಂಗದಲ್ಲಿದ್ದರು. ಬಹಳ ಕಟ್ಟುನಿಟ್ಟು. ಹೋದೆ. "ಬಾಗಿಲು ಹಾಕಿ" ಅಂದರು. ಅವರ ಕೋಣೆಯ ಬಾಗಿಲು ಹಾಕಿದ್ದನ್ನು ನಾನು ಹಿಂದೆ ಒಂದೇ ಸಲ ನೋಡಿದ್ದೆ. ಒಳಗೆ ಹೋಗಿದ್ದ ಗುಮಾಸ್ತರು ಆಮೇಲೆ ಮೇಜು ಖಾಲಿ ಮಾಡಿಕೊಂಡು ಹೋಗಿದ್ದರು.

ಡ್ರಾಯರಿನಿಂದ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟರು. ಸಂಘದ ಆಮಂತ್ರಣ. ಅಡಿಯಲ್ಲಿ ನಮ್ಮಿಬ್ಬರ ಹೆಸರಿಗೆ ಕೃತಜ್ಞತೆ.

"ಇದು ನಿಮ್ಮ ಕೆಲಸವೇ?"

ಸುಳ್ಳು ಹೇಳಿ ಉಪಯೋಗವಿರಲಿಲ್ಲ, ಹೆಸರೇ ಅಚ್ಚಾಗಿತ್ತು. ತಲೆಯಾಡಿಸಿದೆ.

"ಮನೆಯಲ್ಲಿ, ರಜೆಯ ದಿನ?"

"ಹೌದು ಸಾರ್. ಆಫೀಸಿನ ಒಂದು ಕಾಗದ ಕೂಡ ಮುಟ್ಟಿಲ್ಲ."

"ಮೇಲಿನವರ ಕಣ್ಣಿಗೆ ಬಿದ್ದರೆ ನನ್ನ ಕೈಯಲ್ಲಿ ಏನೂ ಇಲ್ಲ. ಆದಷ್ಟು ಬೇಗ ಇದನ್ನು ಯಾರಿಗಾದರೂ ದಾಟಿಸಿ, ಕೈ ತೊಳೆದುಕೊಳ್ಳಿ." ಎದ್ದು ಬಾಗಿಲು ಸರಿಯಾಗಿ ಹಾಕಿದೆಯೇ ಅಂತ ನೋಡಿ ಬಂದರು. ದನಿ ತಗ್ಗಿಸಿದರು. "ದಾಟಿಸುವ ಮುಂಚೆ ಇದರಲ್ಲಿ ತಮಿಳು ಬರುವ ಹಾಗೆ ಮಾಡಬಹುದೇ? ನಮ್ಮ ಭಜನೆ ಮಂಡಳಿಗೆ ಬೇಕಿತ್ತು."

ನನಗೆ ಹೋದ ಜೀವ ಬಂದಂತಾಯಿತು. ಅಕ್ಷರವೆಲ್ಲ ಹೊಸದಾಗಿ ಮಾಡಬೇಕು, ಕನ್ನಡಕ್ಕೇ ಮೂರು ವರ್ಷ ಹಿಡಿಯಿತು ಸಾರ್ ಅಂದೆ.

"ಯಾಕೆ? ನಿಮ್ಮಲ್ಲಿ ಕ, ಖ, ಗ, ಘ ಅಂತ ನಾಲ್ಕು. ನಮ್ಮಲ್ಲಿ ನಾಲ್ಕಕ್ಕೂ ಸೇರಿ ಒಂದೇ. ನಿಮಗೆ ಮೂರು ವರ್ಷ ಆಗಿದ್ದರೆ ನಮಗೆ ಒಂಬತ್ತು ತಿಂಗಳು ಸಾಕು."

ಅಂಧೇರಿಯಿಂದ ಬಂದ ಮಾತು

ಸಾಹೇಬರು ಹೇಳಿದ ಮಾತು ದೇವರ ಕಿವಿಗೆ ಬಿದ್ದಿತೋ ಏನೋ, ಮುಂದಿನ ವಾರವೇ ಅಂಧೇರಿಯಿಂದ ಒಬ್ಬ ಸೇಠ್‌ಜಿಯ ಫೋನ್ ಬಂತು. ಪ್ರಿಂಟರು, ಕಂಪ್ಯೂಟರು ಮಾರುವವರು. ಆ ಟ್ರಯಲ್ ಪ್ರೆಸ್ಸಿನಲ್ಲಿ ನಮ್ಮ ಅಕ್ಷರ ನೋಡಿದ್ದರಂತೆ. ಬೆಂಗಳೂರಿನ ದೊಡ್ಡ ಗಿರಾಕಿಯೊಬ್ಬರು ಕನ್ನಡ ಬರುವ ಯಂತ್ರವಾದರೆ ಕೊಳ್ಳುತ್ತೇವೆ ಅಂದಿದ್ದರಂತೆ.

ಹೋದೆವು. ಉರುಟು ಮೈಯ, ನಗುಮುಖದ ಮನುಷ್ಯ. ಟೀ, ಢೋಕಳಾ ಎಲ್ಲ ತರಿಸಿದರು. ಗೆಳತಿ ಎರಡು ಪುಟ ಅಚ್ಚು ಹಾಕಿ ಕೈಗೆ ಕೊಟ್ಟಳು. ಸೇಠ್‌ಜಿ ಕಾಗದ ಹಿಡಿದು ಬಹಳ ಹೊತ್ತು ನೋಡಿದರು. ಮೇಲಿಂದ ಕೆಳಗೆ ಬೆರಳಾಡಿಸಿದರು. "ವಾಹ್! ಮುತ್ತು ಪೋಣಿಸಿದ ಹಾಗಿದೆ" ಅಂದರು ಹಿಂದಿಯಲ್ಲಿ.

"ಸೇಠ್‌ಜಿ, ಕಾಗದ ಉಲ್ಟಾ ಹಿಡಿದಿದ್ದೀರಿ" ಅಂದೆ.

ಅವರು ಕಾಗದ ತಿರುಗಿಸಿ ಮತ್ತೆ ಅಷ್ಟೇ ಹೊತ್ತು ನೋಡಿದರು. "ಈ ಕಡೆಯಿಂದಲೂ ಚೆನ್ನಾಗಿದೆ!"

ಅವರು ಹೇಳಿದ ಬೆಲೆ ನಾವಿಬ್ಬರೂ ಕನಸಿನಲ್ಲೂ ಎಣಿಸಿರದಂಥದ್ದು. ಆದರೆ ಷರತ್ತುಗಳಿದ್ದವು. ಇದ್ದಬದ್ದ ಪ್ರತಿಗಳನ್ನೆಲ್ಲ ಒಪ್ಪಿಸಬೇಕು. ಬೇರೆ ಯಾರ ಹತ್ತಿರವೂ ಇರಬಾರದು. ನಾವು ಇನ್ನು ಇಂಥ ಪ್ರೋಗ್ರಾಮ್ ಬರೆಯಬಾರದು. ಹೆಸರು ಬದಲಾಯಿಸುವುದು ಅವರಿಷ್ಟ. ಸೋಮವಾರ ಮಧ್ಯಾಹ್ನ ಬೆಂಗಳೂರಿನವರು ಬರುತ್ತಾರೆ, ಅದರೊಳಗೆ ಸಹಿಯಾಗಬೇಕು.

ಅಂದು ಬುಧವಾರ. ನನಗೆ ಮಾರಿಬಿಡಬೇಕು ಅಂತ, ಗೆಳತಿಗೆ ಕೂಡದು ಅಂತ. ಮನೆಯಲ್ಲಿ ಕೇಳಿದರೆ ಯಜಮಾನರು ಪೇಪರಿನಿಂದ ತಲೆಯೆತ್ತದೆ ಅಂದರು: "ನೋಡೇ, ಮಾರಿದರೆ ನನಗೆ ಊಟದ ಮೇಜು ವಾಪಸ್ ಬರುತ್ತೆ. ಮಾರದಿದ್ದರೆ ಮಂಡಿನೋವಿಗೆ ಎಣ್ಣೆ ತರಬೇಕು. ಎರಡಕ್ಕೂ ನಾನು ತಯಾರು."

ಮೂರು ವರ್ಷದ ಕೂಸು

ಗುರುವಾರ, ಶುಕ್ರವಾರ ಅಕ್ಕಪಕ್ಕದ ಮೇಜಿನಲ್ಲಿ ಕೂತೂ ನಾವು ಮಾತಾಡಲಿಲ್ಲ. ಶನಿವಾರ ಅರ್ಧ ದಿನದ ಆಫೀಸು. ಭಾನುವಾರದ ಕೆಲಸಕ್ಕೆ ಅವಳು ಹಿಂದಿನ ದಿನವೇ ನಮ್ಮ ಮನೆಗೆ ಬರುವುದು ರೂಢಿ. ವಿಟಿ ಸ್ಟೇಷನ್ನಿನಲ್ಲಿ ಭಾಂಡುಪಿಗೆ ಹೋಗುವ ಸ್ಲೋ ಲೋಕಲ್ ಹತ್ತಿದೆವು. ಲೇಡೀಸ್ ಡಬ್ಬಿ ಕಿಕ್ಕಿರಿದಿತ್ತು. ಕಂಬಿ ಹಿಡಿದು ಎದುರಾಬದುರು ನಿಂತಾಗ ಮಾತಾಡದೆ ವಿಧಿಯಿರಲಿಲ್ಲ.

"ಹಂಗಾರ ಅಂಧೇರಿಯಂವಗ ಕೊಟ್ಟ ಬಿಡೂದಂತ ಗಟ್ಟಿ ಮಾಡೀರೇನ್ರಿ ಮ್ಯಾಡಮ್ಮಾರ?"

"ಇನ್ನೇನು ಮಾಡೋಣ? ಮೂರು ವರ್ಷ ತುಂಬಿತು. ಇವತ್ತಿನ ತನಕ ನೆಟ್ಟಗೆ ನಡೆದಿಲ್ಲ."

"ನಡದಿಲ್ಲ ಅಂತ ಮಾರೂದೇನ್ರಿ? ಹಡದಾಕಿ ನಾನು. ನನ್ನ ಕರಳು ಚುರ್ ಅಂತೈತಿ."

"ಹೆತ್ತವಳು ನೀನೊಬ್ಬಳೇನಾ? ನಾನೂ ರಾತ್ರಿ ನಿದ್ದೆಗೆಟ್ಟಿದ್ದೀನಿ. ಅದನ್ನ ನೋಡಿಕೊಳ್ಳೋದರಲ್ಲಿ ನನ್ನ ಸ್ವಂತ ಮಗಳ ಕಡೆ ನೋಡೋಕಾಗ್ತಿಲ್ಲ. ಅವರ ಹತ್ತಿರ ದುಡ್ಡಿದೆ, ಚೆನ್ನಾಗಿ ನೋಡ್ಕೋತಾರೆ."

"ಏನ್ ನೋಡ್ಕೋತಾನ? ಹೆಸರು ಬದ್ಲಿ ಮಾಡ್ತಾನ, ಕೈಕಾಲು ಕತ್ತರಸ್ತಾನ, ಊರೂರಿಗೆ ಕಳಸಿ ರೊಕ್ಕಾ ಮಾಡ್ಕೋತಾನ!"

"ನಿಲ್ಲಿ, ನಿಲ್ಲಿ!" ಅಂತ ಒಂದು ದನಿ ಸಿಡಿಯಿತು. ಬಿಳಿ ಸೀರೆ ಉಟ್ಟ ನರ್ಸಮ್ಮ ಒಬ್ಬರು ಜನರನ್ನು ಸರಿಸಿಕೊಂಡು ಮುಂದೆ ಬಂದರು. ಮಾತು ಕೇಳಿದರೆ ದಕ್ಷಿಣ ಕನ್ನಡದವರು. "ನಾನು ಮಸೀದಿ ಬಂದರಿನಿಂದ ಕೇಳ್ತಾ ಇದ್ದೇನೆ. ನಿಮಗೆ ಮನುಷ್ಯತ್ವ ಉಂಟಾ? ಮೂರು ವರ್ಷದ ಮಗು ನಡೆಯುವುದಿಲ್ಲ ಅಂತ ಮಾರುವುದಾ? ಡಾಕ್ಟರಿಗೆ ತೋರಿಸಿದ್ದೀರಾ? ಕ್ಯಾಲ್ಸಿಯಂ ಕೊಟ್ಟಿದ್ದೀರಾ?"

ನಾನು ಬಾಯಿ ತೆರೆಯುವುದರೊಳಗೆ ಅವರು ತಿರುಗಿ ಇಡೀ ಡಬ್ಬಿಗೆ ಮರಾಠಿಯಲ್ಲಿ ವಿಷಯ ತಿಳಿಸಿಬಿಟ್ಟರು. ಬೈಕುಳಾದಲ್ಲಿ ಹತ್ತಿದವರಿಗೆ ಹತ್ತಿದ ಕೂಡಲೇ ಸುದ್ದಿ ಮುಟ್ಟಿತು. ಒಬ್ಬಳು ನನ್ನ ಸೆರಗು ಹಿಡಿದಳು. ಒಬ್ಬಳು ದಾದರಿನಲ್ಲಿ ಇಳಿಸಿ ಪೊಲೀಸರಿಗೆ ಕೊಡೋಣ ಅಂದಳು. ಇನ್ನೊಬ್ಬಳ ಕೈ ಆಗಲೇ ಅಪಾಯದ ಸರಪಳಿಯ ಮೇಲಿತ್ತು. ನನಗೆ ಅಳುವೇ ಬಂತು. ಆಫೀಸು, ಪೊಲೀಸು, ಮಗಳ ಪರೀಕ್ಷೆ ಎಲ್ಲ ಒಟ್ಟಿಗೆ ಕಣ್ಣ ಮುಂದೆ ಸುಳಿದವು. ಚೀಲದೊಳಗಿನ ಕಾಗುಣಿತದ ಫ್ಲಾಪಿ ತೆಗೆದು ನರ್ಸಮ್ಮನ ಮುಂದೆ ಹಿಡಿದೆ.

"ಅಮ್ಮಾ, ಇದೇ ಆ ಮಗು. ಕಂಪ್ಯೂಟರಿನದು."

ಆಕೆ ಆ ತೆಳ್ಳಗಿನ ಕಪ್ಪು ಚೌಕವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಗೆಳತಿ ಎಲ್ಲವನ್ನೂ ಬಿಡಿಸಿ ಹೇಳಿದಳು. ನರ್ಸಮ್ಮ ಫ್ಲಾಪಿ ವಾಪಸು ಕೊಟ್ಟು, "ಇದು ನಡೆಯುವುದಾದರೂ ಹೇಗೆ ಮಾರಾಯ್ತಿ, ಕಾಲೇ ಇಲ್ಲ!" ಅಂದು ನಗತೊಡಗಿದರು. ಅದನ್ನು ಕಂಡು ಸೆರಗು ಹಿಡಿದವಳೂ ಕೈ ಬಿಟ್ಟಳು. ನಗುತ್ತಲೇ ದಾದರಿನಲ್ಲಿ ಇಳಿದು ಹೋದರು. ಉಳಿದ ಹೆಂಗಸರಿಗೆ ಮಾತ್ರ ತಿದ್ದುಪಡಿ ಹೇಳಲಿಲ್ಲ.

ಆಮೇಲೆ ಆರು ತಿಂಗಳು ಆ ಲೋಕಲ್ಲಿನಲ್ಲಿ ಯಾರಾದರೊಬ್ಬರು ನನ್ನನ್ನು ಗುರುತು ಹಿಡಿದು, "ಮಗು ನಡೆಯೋಕೆ ಶುರುಮಾಡಿತಾ?" ಅಂತ ಮರಾಠಿಯಲ್ಲಿ ವಿಚಾರಿಸುತ್ತಿದ್ದರು. ನಾನೂ "ಹೂಂ, ಗೋಡೆ ಹಿಡಿದುಕೊಂಡು" ಅನ್ನುತ್ತಿದ್ದೆ.

ಙ ಮತ್ತು ಞ

ಭಾನುವಾರ ಬೆಳಿಗ್ಗೆ ಅಕ್ಷರ ಶಾಲೆಗೆ ಹೋದೆವು. ಸೋಮವಾರ ಸಹಿಯಾದರೆ ಶಾಲೆಯಲ್ಲಿದ್ದ ಪ್ರತಿಯನ್ನೂ ವಾಪಸು ಪಡೆಯಬೇಕಲ್ಲ, ಆ ವಿಷಯವನ್ನು ಮಾಸ್ತರರಿಗೆ ಮೊದಲೇ ಹೇಳುವುದು ನ್ಯಾಯ ಅಂತ ನಾನೇ ಹಟ ಮಾಡಿದ್ದೆ. ಮಾಸ್ತರರು ವಯಸ್ಸಾದವರು. ಪರಿಚಯದ ಆಫೀಸೊಂದರ ಕಂಪ್ಯೂಟರಿನಲ್ಲಿ ಕಾಡಿ ಬೇಡಿ ನಮ್ಮ ಪ್ರೋಗ್ರಾಮ್ ಹಾಕಿಸಿಕೊಂಡು, ಅಂಗೈ ಅಗಲದ ಅಕ್ಷರಗಳ ಪಾಠ ಅಚ್ಚು ಮಾಡಿ ತರುತ್ತಿದ್ದರು.

ಕಲಬುರ್ಗಿ, ವಿಜಾಪುರ ಕಡೆಯ ಹೆಂಗಸರು, ಗಂಡಸರು ಚಾಪೆಯ ಮೇಲೆ ಕೂತಿದ್ದರು. ಸಿಮೆಂಟಿನಲ್ಲಿ ಒಡೆದ ಬೆರಳುಗಳು. ಆ ಬೆರಳುಗಳನ್ನೇ ನಮ್ಮ ಚುಕ್ಕಿಯ ಅಕ್ಷರಗಳ ಮೇಲೆ ಮೆಲ್ಲಗೆ ಎಳೆಯುತ್ತಿದ್ದರು. ಹೇಗೆ ಶುರು ಮಾಡಲಿ ಅಂತ ಗೆಳತಿಯ ಮುಖ ನೋಡಿದೆ. ಅವಳು ಗೋಡೆ ನೋಡುತ್ತಿದ್ದಳು.

ಮಾಸ್ತರರಿಗೋ ಸಂಭ್ರಮ. "ನೋಡಿ, ನೀವು ಓದುವ ಈ ಅಕ್ಷರ ಮಾಡಿದವರು ಇವರೇ" ಅಂತ ಎಲ್ಲರಿಗೂ ನಮ್ಮನ್ನು ತೋರಿಸಿದರು. ಕಲ್ಲು ಹೊರುವ ಒಬ್ಬ ಮುದುಕಿ ಎದ್ದು ಬಂದು ನನ್ನ ಕೈ ಹಿಡಿದುಕೊಂಡಳು.

"ಅಕ್ಷರಾ ಮಾಡಿದಾಕಿ ನೀನ ಏನವಾ?"

"ಹೌದಮ್ಮ." ಕಣ್ಣು ತುಂಬಿ ಬಂತು.

"ಎಲ್ಲಾ ಮಾಡೀದಿ?"

"ಎಲ್ಲಾ ಅಮ್ಮ."

ಮುದುಕಿ ನನ್ನ ಕೈಯನ್ನು ಹಿಂಡಿದಳು. "ಹಂಗಾರ ಆ ಙ, ಞ ಎರಡು ಯಾಕ ಮಾಡಿದ್ಯವಾ? ಎದಕ್ಕೂ ಬರಂಗಿಲ್ಲ, ಬರದು ಬರದು ಕೈ ಬೀಳತಾವ. ಒಂದ ಮಾತು ನನ್ನ ಕೇಳಬಾರದಿತ್ತಾ?"

ಮಾಸ್ತರರಿಗೆ ಹೇಳಬೇಕಾದ ಮಾತು ಅಲ್ಲೇ ಉಳಿಯಿತು. ದಾರಿಯಲ್ಲಿ ಗೆಳತಿ ನಾಲ್ಕು ದಿನದ ಮೇಲೆ ಮೊದಲ ಸಲ 'ಅಕ್ಕಾರ' ಅಂದಳು. "ಅಕ್ಕಾರ, ಮಾರೂಣ್ರಿ. ನಿಮ್ಮ ಮನಿ ತ್ರಾಸ ನನಗ ತಿಳೀತೈತಿ. ಆದ್ರ ಈ ಸಾಲಿಗೆ ಒಂದ ಪ್ರತಿ ಬಿಟ್ಟರಷ್ಟ ಮಾರೂಣು." ನಾನು ಒಪ್ಪಿದೆ.

ತಾರೀಫು

ಸೋಮವಾರ ಅರ್ಧ ದಿನ ರಜೆ ಹಾಕಿ ಅಂಧೇರಿಗೆ ಹೋದೆವು. ಸೇಠ್‌ಜಿಯ ಮೇಜಿನ ಮೇಲೆ ಕರಾರುಪತ್ರ ಸಿದ್ಧವಾಗಿತ್ತು. ಪೆನ್ನಿನ ಮುಚ್ಚಳ ಕೂಡ ತೆಗೆದಿಟ್ಟಿದ್ದರು. ನಾನು ಶಾಲೆಯ ವಿಷಯ ಹೇಳಿ, ಒಂದೇ ಒಂದು ಪ್ರತಿ ಅವರಿಗೆ ಬಿಡಬೇಕು ಅಂದೆ.

"ದೇಖೇಂಗೆ, ದೇಖೇಂಗೆ. ಮೊದಲು ಸಹಿ ಹಾಕಿ."

ಮುಂಬಯಿಯಲ್ಲಿ 'ನೋಡೋಣ' ಅಂದರೆ ಏನರ್ಥ ಅಂತ ಇಬ್ಬರಿಗೂ ಗೊತ್ತಿತ್ತು. ನಾನು ಪೆನ್ನು ಹಿಡಿದುಕೊಂಡೇ ಕೂತೆ. ಗೆಳತಿಯ ಮೂಗಿನ ತುದಿ ಕೆಂಪಗಾಯಿತು. ಅಷ್ಟರಲ್ಲಿ ಫೋನು ಬಂತು. ಬೆಂಗಳೂರಿನವರು ಹೋಟೆಲಿನಿಂದ ಆಗಲೇ ಹೊರಟಿದ್ದಾರಂತೆ. ಸೇಠ್‌ಜಿ ಗಡಬಡಿಸಿ ಎದ್ದರು. "ಸಹಿ ಆಮೇಲೆ. ಮೊದಲು ತೋರಿಸೋದಕ್ಕೆ ಏನಾದರೂ ಒಂದು ಪುಟ ಅಚ್ಚು ಹಾಕಿ. ಏನು ಬೇಕಾದರೂ ಬರೀರಿ. ದೊಡ್ಡ ಅಕ್ಷರ, ಚೆನ್ನಾಗಿ ಕಾಣಬೇಕು."

ಗೆಳತಿ ಮೆಷಿನ್ನಿನ ಮುಂದೆ ಕೂತಳು. ಒಂದು ಸಲವೂ ತಡವರಿಸದೆ ಟೈಪು ಮಾಡಿದಳು. ಪ್ರಿಂಟರ್ ಕಿರುಗುಟ್ಟಿತು. ನಾನು ಹೋಗಿ ಬಗ್ಗಿ ನೋಡಿದೆ.

'ಈ ಯಪ್ಪಗ ಕನ್ನಡದ ಒಂದ ಅಕ್ಷರ ಬರೂದಿಲ್ಲ. ಉಲ್ಟಾ ಹಿಡದ್ರೂ ಚಂದ ಅಂತಾನ, ಸುಲ್ಟಾ ಹಿಡದ್ರೂ ಚಂದ ಅಂತಾನ. ಮೂರು ವರ್ಷ ನಾವು ಕಣ್ಣು ಕೆಡಿಸಿಕೊಂಡು ಚುಕ್ಕಿ ಇಟ್ಟದ್ದನ್ನ ಚುರುಮುರಿ ಪೊಟ್ಟಣಾ ಕಟ್ಟಿದಂಗ ಕಟ್ಟಿಕೊಂಡು ಹೊಂಟಾನ. ಬಡವರ ಸಾಲಿಗೆ ಒಂದ ಪ್ರತಿ ಬಿಡೋ ಅಂದ್ರ ನೋಡೂಣು ಅಂತಾನ. ಮಂಗ್ಯಾನ ಕೈಯಾಗ ಮಾಣಿಕ್ಯ ಅಂದ್ರ ಇದ.'

ಹರಿದುಹಾಕೋಣ ಅಂತ ಕೈ ಚಾಚುವಷ್ಟರಲ್ಲಿ ಸೇಠ್‌ಜಿ ಬಂದು ಕಾಗದ ಎತ್ತಿಕೊಂಡರು. "ಎಷ್ಟು ಸುಂದರ! ಏನು ಬರೆದಿದ್ದೀರಿ?"

"ನಿಮ್ಮ... ನಿಮ್ಮ ತಾರೀಫು, ಸೇಠ್‌ಜಿ" ಅಂದುಬಿಟ್ಟೆ.

ಹೊಗಳಿಕೆ ಅಂದಕೂಡಲೇ ಅವರ ಮುಖ ಅರಳಿತು. ಅದೇ ಹೊತ್ತಿಗೆ ಬಾಗಿಲು ತೆರೆಯಿತು. ಬೆಂಗಳೂರಿನವರು ಇಬ್ಬರು. ಹಿರಿಯರೊಬ್ಬರು, ಅವರ ಕೈಕೆಳಗಿನವರೊಬ್ಬರು. ಸೇಠ್‌ಜಿ ನಮಸ್ಕಾರ ಮಾಡಿ ಕಾಗದವನ್ನು ಎರಡೂ ಕೈಯಲ್ಲಿ ಹಿರಿಯರಿಗೆ ಒಪ್ಪಿಸಿದರು. "ಓದಿ ನೋಡಿ ಸಾಬ್."

ಹಿರಿಯರು ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಶುರುಮಾಡಿದರು. "ಈ ಯಪ್ಪಗ ಕನ್ನಡದ ಒಂದ..." ಅಲ್ಲಿಗೆ ನಿಲ್ಲಿಸಿದರು. ಉಳಿದದ್ದನ್ನು ಮನಸ್ಸಿನಲ್ಲೇ ಓದಿದರು. ಕೈಕೆಳಗಿನವರು ಹೆಗಲ ಮೇಲಿಂದ ಇಣುಕಿ ಓದಿ, ಕರವಸ್ತ್ರ ಬಾಯಿಗಿಟ್ಟುಕೊಂಡು ಕಿಟಕಿಯ ಕಡೆ ತಿರುಗಿದರು. ನಾನು ಮನಸ್ಸಿನಲ್ಲೇ ಬಾಗಿಲಿಗೆ ಎಷ್ಟು ಹೆಜ್ಜೆ ಅಂತ ಎಣಿಸುತ್ತಿದ್ದೆ.

ಸೇಠ್‌ಜಿ ನಾಚಿಕೊಂಡು ಕೈ ಮುಗಿದರು. "ಥೋಡಾ ಜ್ಯಾದಾ ಲಿಖ್ ದಿಯಾ ಇನ್ ಲೋಗೋಂ ನೇ." ಸ್ವಲ್ಪ ಜಾಸ್ತಿಯೇ ಬರೆದುಬಿಟ್ಟಿದ್ದಾರೆ ಇವರು.

"ಇಲ್ಲ ಇಲ್ಲ, ಒಂದಕ್ಷರವೂ ಜಾಸ್ತಿ ಇಲ್ಲ" ಅಂದರು ಹಿರಿಯರು ಗಂಭೀರವಾಗಿ ಹಿಂದಿಯಲ್ಲೇ. ಆಮೇಲೆ ನಮ್ಮ ಕಡೆ ತಿರುಗಿ ಅಪ್ಪಟ ಧಾರವಾಡದ ಕನ್ನಡದಲ್ಲಿ, "ಯಾರವಾ ಬರದಾಕಿ?"

"ನಾನ್ರಿ" ಅಂದಳು ಗೆಳತಿ.

"ಒತ್ತು ಭಾಳ ಚಲೋ ಬಂದಾವ." ಮತ್ತೆ ಸೇಠ್‌ಜಿಗೆ ಹಿಂದಿಯಲ್ಲಿ ಹೇಳಿದರು: "ನೀವು ಬಡವರ ಶಾಲೆಗೆ ಇದರ ಒಂದು ಪ್ರತಿಯನ್ನು ದಾನ ಮಾಡಿದ್ದೀರಿ ಅಂತ ಇದರಲ್ಲಿ ಬರೆದಿದೆ. ನಿಜವೇ? ಅಂಥವರ ಹತ್ತಿರ ವ್ಯವಹಾರ ಮಾಡುವುದು ನಮಗೂ ಸಂತೋಷ."

ಸೇಠ್‌ಜಿ ನನ್ನ ಮುಖ ನೋಡಿದರು, ಗೆಳತಿಯ ಮುಖ ನೋಡಿದರು. "ಹಾಂ ಸಾಬ್, ಬಿಲ್ಕುಲ್!" ಅಂದರು. ಹಿರಿಯರು ಅಷ್ಟಕ್ಕೇ ಬಿಡದೆ ಕರಾರುಪತ್ರದಲ್ಲಿ ಆ ಸಾಲನ್ನು ಕೈಯಲ್ಲಿ ಬರೆಸಿದರು. ನಾನು ಸಹಿ ಹಾಕಿದೆ. ಗೆಳತಿ ಸಹಿ ಹಾಕುವಾಗ ಅವಳ ಕೈ ಒಂದು ಕ್ಷಣ ಕಾಗದದ ಮೇಲೆ ಹಾಗೇ ನಿಂತಿತು. ಅವಳ ಬೆನ್ನ ಮೇಲೆ ನಾನು ಕೈಯಿಟ್ಟೆ.

ಒಂದು ತಿಂಗಳ ಮೇಲೆ ಗ್ರಾಫ್ ಹಾಳೆಗಳ ಕಟ್ಟನ್ನು ಒಪ್ಪಿಸಲು ಮತ್ತೆ ಅಲ್ಲಿಗೆ ಹೋದೆವು. ಸೇಠ್‌ಜಿಯ ಕುರ್ಚಿಯ ಹಿಂದೆ, ಲಕ್ಷ್ಮಿ ಗಣಪತಿಯರ ಪಕ್ಕದಲ್ಲಿ, ಚಿನ್ನದ ಬಣ್ಣದ ಚೌಕಟ್ಟಿನೊಳಗೆ ಆ ಪುಟ ರಾರಾಜಿಸುತ್ತಿತ್ತು. ಅದಕ್ಕೂ ಒಂದು ಹೂವಿನ ಹಾರ.

"ಮುಂದಿನ ವಾರ ಇದನ್ನು ಮನೆಗೆ ಒಯ್ಯುತ್ತೇನೆ" ಅಂದರು ಸೇಠ್‌ಜಿ. "ಮಗನ ಮದುವೆ. ಸೊಸೆ ಹುಬ್ಬಳ್ಳಿಯಲ್ಲಿ ಹುಟ್ಟಿ ಬೆಳೆದವಳು, ಕನ್ನಡ ಫಸ್ಟ್‌ಕ್ಲಾಸಾಗಿ ಓದುತ್ತಾಳೆ. ಬೀಗರ ಮುಂದೆ ಅವಳ ಕೈಲಿ ಗಟ್ಟಿಯಾಗಿ ಓದಿಸಬೇಕು."

ಗೆಳತಿ ನನ್ನ ತೋಳನ್ನು ಎಷ್ಟು ಜೋರಾಗಿ ಚಿವುಟಿದಳೆಂದರೆ ಗುರುತು ಎರಡು ದಿನ ಇತ್ತು. ಅಕ್ಷರ ಸ್ವಲ್ಪ ಮಸುಕಾಗಿದೆ, ಮದುವೆಗೆ ಹೊಸದೇ ಮಾಡಿಕೊಡುತ್ತೇವೆ ಅಂತ ಹೇಳಿ ಇಬ್ಬರೂ ಮೆಷಿನ್ನಿನ ಮುಂದೆ ಕೂತೆವು. ದಾನಶೂರರು, ಕನ್ನಡದ ಬಂಧು, ಬಡವರ ಪಾಲಿನ ಕಲ್ಪವೃಕ್ಷ ಅಂತ ಗೊತ್ತಿದ್ದ ಒಳ್ಳೆಯ ಮಾತನ್ನೆಲ್ಲ ಸುರಿದೆವು. ನಾನೇ ಚೌಕಟ್ಟು ಬಿಚ್ಚಿ ಹೊಸದನ್ನು ಹಾಕಿ, ಹಳೆಯದನ್ನು ನಾಲ್ಕಾಗಿ ಮಡಚಿ ಚೀಲದ ತಳಕ್ಕೆ ತುರುಕಿದೆ.

ಸೇಠ್‌ಜಿ ಎರಡು ಹೆಜ್ಜೆ ಹಿಂದೆ ಸರಿದು, ತಲೆ ಓರೆ ಮಾಡಿ ಬಹಳ ಹೊತ್ತು ನೋಡಿದರು. ಆಮೇಲೆ ನಿಟ್ಟುಸಿರು ಬಿಟ್ಟರು.

"ಚೆನ್ನಾಗಿದೆ. ಆದರೆ ಬೆಹನ್‌ಜಿ, ಮೊದಲಿನದು ನೀವು ಮನಸ್ಸಿಟ್ಟು ಬರೆದದ್ದು."